ಆರೋಗ್ಯ ಚಿಂತನ: ಜೀವದ ಬಾಗಿಲಿಗೆ ಕಾವಲು

ಕಳೆದ ಸಂಚಿಕೆಯಲ್ಲಿ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡಗಳಿಗೆ ಒದಗುವ ಹಾನಿಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆನು. ಅದನ್ನೋದಿದ ಹಲವು ಬಂಧುಗಳು ಪತ್ರ ಬರೆದಿದ್ದಾರೆ. ಅವುಗಳಲ್ಲಿ ತಾಯಿಯೊಬ್ಬರ ಪತ್ರ ನನ್ನ ಮನಸ್ಸನ್ನು ಬಹುವಾಗಿ ತಟ್ಟಿತು. ಅವರ ಯಜಮಾನರಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತಿದೆ. ರಕ್ತನಾಳಗಳು ತೀರ ಸಣ್ಣವಾಗಿರುವ ಕಾರಣ ವೈದ್ಯರು ಎಡತೋಳಿನ ಚರ್ಮದ ಕೆಳಗೆ ಒಂದು ಕೃತಕ ನಾಳವನ್ನು ಕೂರಿಸಿದ್ದಾರೆ. ‘ಇದಕ್ಕೆ ಸೋಂಕು ತಗುಲದಂತೆ ನೋಡಿಕೊಳ್ಳಿ ಎಂದು ಹೇಳಿ ಕಳುಹಿಸಿದರು. ಹೇಗೆ ನೋಡಿಕೊಳ್ಳಬೇಕೆಂದು ವಿವರಿಸುವ ಬಿಡುವು ಅವರಿಗಿರಲಿಲ್ಲ, ಕೇಳುವ ಧೈರ್ಯ ನಮಗಿರಲಿಲ್ಲ. ಪೂಜೆಯ ಕಾಲದಲ್ಲಿ ಆ ತೋಳಿಗೆ ವಿಭೂತಿ ಧರಿಸಬಹುದೇ? ಆ ಕೈಯಲ್ಲಿ ಲಿಂಗವನ್ನು ಹಿಡಿಯಬಹುದೇ?’ ಎಂದು ಆ ತಾಯಿ ಕೇಳಿದ್ದಾರೆ.

ಈ ಪ್ರಶ್ನೆ ಒಂದು ಮನೆಯದಾಗಿ ಉಳಿದಿಲ್ಲ. ಇಂದು ತಾಲ್ಲೂಕು ಆಸ್ಪತ್ರೆಗಳವರೆಗೂ ಡಯಾಲಿಸಿಸ್ ಯಂತ್ರಗಳು ಬಂದಿವೆ. ಕೇಂದ್ರ ಸರ್ಕಾರವು ೨೦೧೬ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಿದ ಮೇಲೆ ಬಡವರಿಗೂ ಈ ಚಿಕಿತ್ಸೆ ಎಟುಕುವಂತಾಗಿದೆ. ಯಂತ್ರ ಊರ ಸಮೀಪಕ್ಕೆ ಬಂದಿತು, ಆದರೆ ಆ ಯಂತ್ರಕ್ಕೆ ದೇಹವನ್ನು ಜೋಡಿಸುವ ನಾಳವನ್ನು ಕಾಯುವ ತಿಳಿವಳಿಕೆ ಮನೆಗಳಿಗೆ ಅಷ್ಟು ಬೇಗನೆ ಬಂದಿಲ್ಲ. ನಾನು ವೈದ್ಯಶಾಸ್ತ್ರವನ್ನು ಅಭ್ಯಸಿಸಿದವನಲ್ಲ. ಬಲ್ಲ ವೈದ್ಯರಿಂದ ಕೇಳಿ, ಗ್ರಂಥಗಳಿಂದ ಓದಿ ತಿಳಿದುಕೊಂಡುದನ್ನು ಗೃಹಸ್ಥರಿಗೆ ಒಪ್ಪುವ ಮಾತಿನಲ್ಲಿ ಇಲ್ಲಿ ನಿವೇದಿಸುತ್ತೇನೆ.

ತೋಳಿನಲ್ಲೊಂದು ಬಾಗಿಲು ಏಕೆ?

ಮೂತ್ರಪಿಂಡಗಳು ಹಗಲಿರುಳೆನ್ನದೆ ರಕ್ತವನ್ನು ಶೋಧಿಸುತ್ತವೆ. ಅವು ಸೋತಾಗ ಆ ಕಾರ್ಯವನ್ನು ಯಂತ್ರವು ವಾರಕ್ಕೆ ಎರಡು ಅಥವಾ ಮೂರು ದಿನ, ಪ್ರತಿ ಸಲ ಸುಮಾರು ನಾಲ್ಕು ಗಂಟೆಗಳ ಅವಧಿಯಲ್ಲಿ ನಡೆಸಿಕೊಡಬೇಕು. ನಿಮಿಷಕ್ಕೆ ೩೦೦ ಮಿಲಿಲೀಟರಿನಂತೆ ರಕ್ತವನ್ನು ಹೊರತೆಗೆದು, ಶುದ್ಧಿಗೊಳಿಸಿ, ಮರಳಿಸಿದರೆ ನಾಲ್ಕು ಗಂಟೆಗಳಲ್ಲಿ ೭೨ ಲೀಟರ್ ರಕ್ತ ಹರಿದಂತಾಯಿತು. ವಯಸ್ಕರ ಮೈಯಲ್ಲಿರುವ ರಕ್ತ ಸುಮಾರು ೫ ಲೀಟರ್ ಮಾತ್ರ. ಅಂದರೆ ಇಡೀ ದೇಹದ ರಕ್ತವು ಒಂದು ಮಧ್ಯಾಹ್ನದಲ್ಲಿ ಹತ್ತಕ್ಕೂ ಹೆಚ್ಚು ಸಲ ಆ ಯಂತ್ರವನ್ನು ಹೊಕ್ಕು ಬರುತ್ತದೆ.

ಇಷ್ಟು ವೇಗದ ಹರಿವನ್ನು ತೋಳಿನ ಸಾಮಾನ್ಯ ಅಭಿಧಮನಿ ಕೊಡಲಾರದು. ಹೃದಯದಿಂದ ರಕ್ತವನ್ನೊಯ್ಯುವ ಅಪಧಮನಿಯಲ್ಲಿ ಒತ್ತಡವಿದೆ, ಆದರೆ ಅದು ಆಳದಲ್ಲಿರುತ್ತದೆ. ಅದಕ್ಕೆ ಪದೇ ಪದೇ ಸೂಜಿ ಚುಚ್ಚುವುದು ಅಪಾಯಕರ. ಆದುದರಿಂದ ವೈದ್ಯರು ಎರಡನ್ನೂ ಬೆಸೆಯುತ್ತಾರೆ. ಕಾಲುವೆಯ ನೀರನ್ನು ತೂಬಿನ ಮೂಲಕ ಹೊಲಕ್ಕೆ ಹಾಯಿಸುವಂತೆ ಅಪಧಮನಿಯ ರಕ್ತವನ್ನು ನೇರವಾಗಿ ಅಭಿಧಮನಿಗೆ ಹಾಯಿಸುತ್ತಾರೆ.

ಇದಕ್ಕೆ ಮೂರು ಮಾರ್ಗಗಳಿವೆ. ರೋಗಿಯ ಅಪಧಮನಿ, ಅಭಿಧಮನಿಗಳನ್ನೇ ಒಂದಕ್ಕೊಂದು ಹೊಲಿಯುವುದು ಮೊದಲನೆಯದು. ಇದಕ್ಕೆ ಫಿಸ್ಟುಲಾ ಎಂದು ಹೆಸರು. ರೋಗಿಯ ನಾಳಗಳು ಅದಕ್ಕೆ ತಕ್ಕವಲ್ಲದಿದ್ದಾಗ ಅವೆರಡರ ನಡುವೆ ಕೃತಕ ನಾಳವನ್ನು ಜೋಡಿಸುವುದು ಎರಡನೆಯದು. ಇದೇ ಗ್ರಾಫ್ಟ್. ಕುತ್ತಿಗೆಯ ಅಥವಾ ತೊಡೆಸಂದಿನ ದೊಡ್ಡ ಅಭಿಧಮನಿಯೊಳಕ್ಕೆ ಕೊಳವೆಯನ್ನಿಳಿಸಿ ಅದರ ತುದಿಯನ್ನು ಹೊರಗೆ ಬಿಡುವುದು ಮೂರನೆಯದು. ಇದನ್ನು ಕ್ಯಾಥೆಟರ್ ಎನ್ನುತ್ತಾರೆ. ಸೋಂಕಿನ ಭಯ ಫಿಸ್ಟುಲಾದಲ್ಲಿ ಎಲ್ಲಕ್ಕಿಂತ ಕಡಿಮೆ, ಗ್ರಾಫ್ಟಿನಲ್ಲಿ ಅದಕ್ಕಿಂತ ಹೆಚ್ಚು, ಕ್ಯಾಥೆಟರಿನಲ್ಲಿ ಅತ್ಯಧಿಕ. ಈ ಮೂರರ ತಾರತಮ್ಯವನ್ನು ಮನೆಯವರು ಮೊದಲು ಮನದಟ್ಟು ಮಾಡಿಕೊಳ್ಳಬೇಕು.

ಗಾಜಿನ ನಳಿಕೆಯಿಂದ ಕೃತಕ ನಾಳದವರೆಗೆ

ಈ ಬಾಗಿಲಿನ ಇತಿಹಾಸವೇ ಸೋಂಕಿನೊಡನೆ ಮನುಷ್ಯನು ನಡೆಸಿದ ಹೋರಾಟದ ಇತಿಹಾಸವಾಗಿದೆ. ೧೯೪೩ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ನೆದರ್‌ಲ್ಯಾಂಡ್ಸಿನ ಕಾಂಪೆನ್ ಪಟ್ಟಣದಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯರು ತಿರುಗುವ ಉರುಳೆಯ ಕೃತಕ ಮೂತ್ರಪಿಂಡವನ್ನು ಕಟ್ಟಿದರು. ೧೯೪೫ರಲ್ಲಿ ಅದರಿಂದ ಮೊದಲ ರೋಗಿ ಬದುಕಿ ಉಳಿದರು. ಆದರೆ ಪ್ರತಿ ಚಿಕಿತ್ಸೆಗೂ ರಕ್ತನಾಳವನ್ನು ಕೊಯ್ದು ಗಾಜಿನ ನಳಿಕೆಯನ್ನು ತೂರಿಸಬೇಕಾಗಿತ್ತು. ಹತ್ತಾರು ಸಲ ಹಾಗೆ ಮಾಡುವಷ್ಟರಲ್ಲಿ ನಾಳಗಳೇ ಮುಗಿದುಹೋಗುತ್ತಿದ್ದವು. ಯಂತ್ರವಿದ್ದರೂ ಅದರ ಬಳಿಗೆ ಹೋಗುವ ದಾರಿ ಇಲ್ಲದೆ ರೋಗಿಗಳು ಸಾಯುತ್ತಿದ್ದರು.

೧೯೬೦ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಟೆಫ್ಲಾನಿನ ಎರಡು ಕೊಳವೆಗಳನ್ನು ತೋಳಿನ ನಾಳಗಳಲ್ಲಿ ಖಾಯಮ್ಮಾಗಿ ನೆಲೆಗೊಳಿಸಿ, ಹೊರಗಿನ ತುದಿಗಳನ್ನು ಒಂದಕ್ಕೊಂದು ಸೇರಿಸಿಟ್ಟರು. ಕ್ಲೈಡ್ ಶೀಲ್ಡ್ಸ್ ಎಂಬ ಯಂತ್ರ ಕೆಲಸಗಾರರು ಈ ಉಪಾಯದಿಂದ ಹನ್ನೊಂದು ವರ್ಷ ಜೀವಿಸಿದರು. ಅದುವರೆಗೆ ಮಾರಣಾಂತಿಕವಾಗಿದ್ದ ವ್ಯಾಧಿಯೊಡನೆ ಬಾಳಬಹುದೆಂದು ಲೋಕಕ್ಕೆ ತಿಳಿದುದು ಆಗಲೇ. ಆದರೆ ಆ ಕೊಳವೆ ಚರ್ಮವನ್ನು ಸೀಳಿ ಹೊರಬಂದಿರುತ್ತಿತ್ತು. ಅದರ ಬದಿಯಿಂದ ರೋಗಾಣುಗಳು ಒಳಹೊಕ್ಕು ಕೀವುಗಟ್ಟುವುದು, ಒಳಗೆ ರಕ್ತ ಹೆಪ್ಪುಗಟ್ಟುವುದು ಸಾಮಾನ್ಯವಾಗಿತ್ತು.

೧೯೬೬ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದ ನಿವೃತ್ತ ಸೈನಿಕರ ಆಸ್ಪತ್ರೆಯ ಬ್ರೆಶಿಯಾ, ಚಿಮಿನೊ ಮತ್ತು ಅವರ ಸಹೋದ್ಯೋಗಿಗಳು ಫಿಸ್ಟುಲಾ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಹೊರವಸ್ತುವೇ ಇಲ್ಲ, ಚರ್ಮ ಮುಚ್ಚಿರುತ್ತದೆ. ಇಂದಿಗೂ ತಕ್ಕ ರೋಗಿಗೆ ಅದಕ್ಕಿಂತ ಒಳ್ಳೆಯದು ದೊರೆತಿಲ್ಲ. ಆದರೆ ವೃದ್ಧರಲ್ಲಿ, ಬಹುಕಾಲದ ಮಧುಮೇಹಿಗಳಲ್ಲಿ, ಪದೇ ಪದೇ ಸೂಜಿ ಚುಚ್ಚಿಸಿಕೊಂಡು ನಾಳ ಕೆಟ್ಟವರಲ್ಲಿ ಫಿಸ್ಟುಲಾ ಬೆಳೆಯುವುದಿಲ್ಲ. ಅಂಥವರಿಗಾಗಿ ೧೯೭೦ರ ದಶಕದಲ್ಲಿ ಕೃತಕ ನಾಳ ಬಂದಿತು. ೧೯೬೯ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಅವರು ಕಾಯಿಸಿದ ಟೆಫ್ಲಾನ್ ಜಾತಿಯ ಪದಾರ್ಥವನ್ನು ಥಟ್ಟನೆ ಎಳೆದು ಹಿಗ್ಗಿಸಿ ಸೂಕ್ಷ್ಮರಂಧ್ರಗಳಿರುವ ಹೊಸ ವಸ್ತುವನ್ನು ಪಡೆದರು. ನಮ್ಮ ಅಡುಗೆಮನೆಯ ಅಂಟದ ತವೆಗೆ ಬಳಿಯುವ ವಸ್ತುವಿನ ಹತ್ತಿರದ ಬಂಧು ಅದು. ಗ್ರಾಫ್ಟುಗಳನ್ನು ಹೆಚ್ಚಾಗಿ ಅದರಿಂದಲೇ ಮಾಡುತ್ತಾರೆ. ಸಾಮಾನ್ಯವಾಗಿ ಅದರ ಒಳ ಅಗಲ ೬ ಮಿಲಿಮೀಟರ್.

ಗ್ರಾಫ್ಟಿನ ಗುಣವನ್ನೂ ಹೇಳಬೇಕು. ಫಿಸ್ಟುಲಾ ಬಲಿತು ಸೂಜಿಗೆ ಸಿದ್ಧವಾಗಲು ಆರು ವಾರಗಳಿಂದ ಮೂರು ತಿಂಗಳು ಹಿಡಿಯಬಹುದು. ಗ್ರಾಫ್ಟನ್ನು ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿಯೇ ಬಳಸಬಹುದು. ಕುತ್ತಿಗೆಯ ಕ್ಯಾಥೆಟರಿನಿಂದ ರೋಗಿಯನ್ನು ಬೇಗ ಬಿಡಿಸಲು ಅದು ಉಪಕಾರಿ. ‘ನಮ್ಮವರಿಗೇಕೆ ಗ್ರಾಫ್ಟ್ ಹಾಕಿದರು?’ ಎಂದು ಮರುಗುವ ಕಾರಣವಿಲ್ಲ. ಅದನ್ನು ಕಾಪಾಡಿಕೊಳ್ಳುವ ಬಗೆಯನ್ನು ಕಲಿಯುವುದೇ ಮುಖ್ಯ.

ಹೊರವಸ್ತುವಿನ ಮೇಲೆ ರೋಗಾಣುಗಳ ಬಿಡಾರ

ನಮ್ಮ ಸ್ವಂತ ರಕ್ತನಾಳ ಜೀವಂತವಾದುದು. ಅದರ ಒಳಮೈಯಲ್ಲಿ ಜೀವಕೋಶಗಳ ನುಣುಪಾದ ಹಾಸು ಇದೆ, ಗೋಡೆಗೆ ರಕ್ತದ ಪೂರೈಕೆ ಇದೆ. ರೋಗಾಣು ಬಂದರೆ ಎದುರಿಸುವ ಬಿಳಿಯ ರಕ್ತಕಣಗಳು ಅಲ್ಲಿಗೆ ತಲಪುತ್ತವೆ. ಕೃತಕ ನಾಳಕ್ಕೆ ಇವೊಂದೂ ಇಲ್ಲ. ರೋಗಾಣುಗಳು ಅದರ ಮೇಲೆ ಒಮ್ಮೆ ಅಂಟಿಕೊಂಡರೆ ತಮ್ಮ ಸುತ್ತ ಲೋಳೆಯಂಥ ಪೊರೆಯನ್ನು ಹೆಣೆದುಕೊಳ್ಳುತ್ತವೆ. ಕೆರೆಯ ಮೆಟ್ಟಿಲಿನ ಮೇಲೆ ಪಾಚಿ ಕಟ್ಟುವುದನ್ನು ಕಂಡವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ಮೇಲಿನಿಂದ ಎಷ್ಟು ನೀರು ಹರಿದರೂ ಪಾಚಿ ಬಿಡದು. ಹಾಗೆಯೇ ಪೊರೆಯ ಒಳಗೆ ಅಡಗಿದ ರೋಗಾಣುಗಳನ್ನು ಔಷಧಿ ಪೂರ್ತಿಯಾಗಿ ಕೊಲ್ಲಲಾರದು.

೧೯೫೭ರಲ್ಲಿ ಬ್ರಿಟನ್ನಿನ ಎಲೆಕ್ ಮತ್ತು ಕೋನೆನ್ ಎಂಬ ಸಂಶೋಧಕರು ಸ್ವಯಂಸೇವಕರ ಚರ್ಮದಲ್ಲಿ ಒಂದು ಪರೀಕ್ಷೆ ನಡೆಸಿದರು. ಬರಿಯ ಚರ್ಮದಲ್ಲಿ ಕೀವು ಹುಟ್ಟಿಸಲು ಸ್ಟಫಿಲೋಕಾಕಸ್ ಎಂಬ ರೋಗಾಣುಗಳು ಹತ್ತಾರು ಲಕ್ಷ ಬೇಕಾದವು. ಅದೇ ಚರ್ಮದಲ್ಲಿ ಒಂದು ರೇಷ್ಮೆಯ ಹೊಲಿಗೆಯ ದಾರವಿದ್ದಾಗ ಕೆಲವೇ ನೂರು ರೋಗಾಣುಗಳು ಸಾಕಾದವು. ಒಂದು ಎಳೆ ದಾರವೇ ದೇಹದ ರಕ್ಷಣೆಯನ್ನು ಇಷ್ಟು ಕುಗ್ಗಿಸುವುದಾದರೆ ತೋಳಿನುದ್ದಕ್ಕೂ ಮಲಗಿರುವ ನಾಳದ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಓದುಗರೇ ಆಲೋಚಿಸಬಹುದು.

ಈ ಸ್ಟಫಿಲೋಕಾಕಸ್ ಎಲ್ಲಿಯೋ ದೂರದಿಂದ ಬರುವ ಶತ್ರುವಲ್ಲ. ನಮ್ಮ ಚರ್ಮದ ಮೇಲೆ, ಮೂಗಿನ ಹೊಳ್ಳೆಗಳಲ್ಲಿ ಅದರ ವಾಸ. ಅದರಲ್ಲಿ ಹೆಚ್ಚು ಕ್ರೂರವಾದ ಆರಿಯಸ್ ಎಂಬ ಪ್ರಭೇದವನ್ನು ಹತ್ತು ಜನ ಆರೋಗ್ಯವಂತರಲ್ಲಿ ಸುಮಾರು ಮೂವರು ಮೂಗಿನಲ್ಲಿ ಹೊತ್ತು ತಿರುಗುತ್ತಾರೆ. ಅಖಂಡವಾದ ಚರ್ಮ ಅದನ್ನು ಹೊರಗೇ ತಡೆದಿಡುತ್ತದೆ. ಡಯಾಲಿಸಿಸ್ ರೋಗಿಯ ಚರ್ಮವಾದರೋ ಅಖಂಡವಾಗಿ ಉಳಿಯುವುದಿಲ್ಲ. ಒಂದು ಸಲಕ್ಕೆ ಎರಡು ಸೂಜಿಗಳಂತೆ ವಾರಕ್ಕೆರಡು ಸಲವಾದರೆ ವರ್ಷಕ್ಕೆ ೨೦೮ ಚುಚ್ಚು, ಮೂರು ಸಲವಾದರೆ ೩೧೨ ಚುಚ್ಚು. ಒಂದೊಂದು ಚುಚ್ಚೂ ಕ್ಷಣಕಾಲ ತೆರೆದ ಬಾಗಿಲು. ಇದರ ಮೇಲೆ, ಮೂತ್ರಪಿಂಡ ಸೋತ ದೇಹದ ರೋಗನಿರೋಧಕ ಶಕ್ತಿಯೂ ಕುಗ್ಗಿರುತ್ತದೆ. ಮಧುಮೇಹವಿದ್ದರೆ ಇನ್ನಷ್ಟು ಕುಗ್ಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ೨೦೨೩ರಲ್ಲಿ ಪ್ರಕಟಿಸಿದ ವರದಿಯಂತೆ, ೨೦೧೭ರಿಂದ ೨೦೨೦ರವರೆಗೆ ಆ ದೇಶದ ಡಯಾಲಿಸಿಸ್ ರೋಗಿಗಳಿಗೆ ಈ ಆರಿಯಸ್ ರೋಗಾಣು ರಕ್ತಕ್ಕೆ ಸೇರುವ ಸಂಭವ ಇತರ ವಯಸ್ಕರಿಗಿಂತ ನೂರು ಪಟ್ಟು ಹೆಚ್ಚಾಗಿತ್ತು.

ಅದೇ ವರದಿಯಲ್ಲಿ ಭರವಸೆಯ ಮಾತೂ ಇದೆ. ೨೦೧೪ರಿಂದ ೨೦೧೯ರ ಅವಧಿಯಲ್ಲಿ ಡಯಾಲಿಸಿಸ್ ರೋಗಿಗಳ ರಕ್ತದ ಸೋಂಕು ಶೇಕಡ ೪೦ರಷ್ಟು ಇಳಿಯಿತು. ಕೈತೊಳೆಯುವಿಕೆ, ಚರ್ಮಶುದ್ಧಿ, ಕ್ಯಾಥೆಟರುಗಳ ಬಳಕೆಯನ್ನು ಕಡಿಮೆ ಮಾಡುವುದು, ರೋಗಿಗಳಿಗೆ ತಿಳಿವಳಿಕೆ ನೀಡುವುದು, ಇಂತಹ ಸರಳ ಕ್ರಮಗಳೇ ಅದಕ್ಕೆ ನೆರವಾದುವು. ಅಂದಮೇಲೆ ಇದನ್ನು ವಿಧಿಯೆಂದು ಕೈಚೆಲ್ಲಬೇಕಾಗಿಲ್ಲ.

ಒಂದು ಮನೆಯ ಸಂಗತಿ

ನನಗೆ ಪರಿಚಿತರಾದ ಹಿರಿಯ ರೈತರೊಬ್ಬರ ಮನೆಯ ಸಂಗತಿಯನ್ನು ಅವರ ಅನುಮತಿ ಪಡೆದು, ಹೆಸರು ಬಿಟ್ಟು, ಇಲ್ಲಿ ಹೇಳುತ್ತೇನೆ. ಅವರ ಮುಂದೋಳಿನ ಗ್ರಾಫ್ಟಿನ ಮೇಲೆ ಸಣ್ಣ ಗುಳ್ಳೆಯೊಂದು ಎದ್ದಿತು. ಅದರ ಮೇಲೆ ಕಪ್ಪು ಹಕ್ಕಳೆ ಕಟ್ಟಿತು. ಮನೆಯಲ್ಲಿ ಮೊಮ್ಮಗಳ ಮದುವೆಯ ಸಂಭ್ರಮ. ತಾವು ಆಸ್ಪತ್ರೆ ಸೇರಿದರೆ ಕಾರ್ಯಕ್ಕೆ ವಿಘ್ನವಾದೀತೆಂದು ಹಿರಿಯರು ತುಂಬುತೋಳಿನ ಅಂಗಿ ತೊಟ್ಟು ಅದನ್ನು ಮರೆಮಾಡಿದರು. ಕಂಡವರು ಅವರ ಪತ್ನಿ ಒಬ್ಬರೇ. ಅವರು ಪತಿಯ ಮಾತಿಗೆ ಕಟ್ಟುಬಿದ್ದು ರಾತ್ರಿ ಅರಿಸಿನವನ್ನು ಅರೆದು ಹಚ್ಚುತ್ತಿದ್ದರು. ನಾಲ್ಕನೆಯ ದಿನ ಮೈನಡುಗಿ ಜ್ವರ ಬಂದಿತು. ಔಷಧಿ ಅಂಗಡಿಯಿಂದ ತಂದ ಗುಳಿಗೆಯಿಂದ ಜ್ವರ ಇಳಿಯಿತು, ಎಲ್ಲರೂ ಸಮಾಧಾನಗೊಂಡರು. ಎರಡು ದಿನಗಳ ತರುವಾಯ ಡಯಾಲಿಸಿಸ್ ನಡೆಯುತ್ತಿರುವಾಗಲೇ ಹಲ್ಲು ಕಟಕಟಿಸುವಂತೆ ನಡುಕ ಬಂದು ರಕ್ತದ ಒತ್ತಡ ಕುಸಿಯಿತು.

ರೋಗಾಣು ರಕ್ತವನ್ನು ಸೇರಿತ್ತು. ಗ್ರಾಫ್ಟನ್ನು ಶಸ್ತ್ರಕ್ರಿಯೆಯಿಂದ ತೆಗೆದುಹಾಕಬೇಕಾಯಿತು. ಕುತ್ತಿಗೆಗೆ ಮತ್ತೆ ಕ್ಯಾಥೆಟರ್ ಬಂದಿತು. ವಾರಗಟ್ಟಲೆ ಔಷಧಿ ನಡೆಯಿತು, ಹೊಲದ ಒಂದು ಭಾಗ ಸಾಲಕ್ಕೆ ಒತ್ತೆಯಾಯಿತು. ಹಿರಿಯರು ಉಳಿದರು. ಆದರೆ ಅವರು ಉಳಿಸಬೇಕೆಂದಿದ್ದ ಮದುವೆಯ ದಿನ ಅವರೂ ಅವರ ಪತ್ನಿಯೂ ಆಸ್ಪತ್ರೆಯಲ್ಲಿದ್ದರು. ಇಲ್ಲಿ ಯಾರನ್ನೂ ದೂಷಿಸಲು ಮನಸ್ಸು ಬಾರದು. ಮನೆಗೆ ಹೊರೆಯಾಗಬಾರದೆಂಬ ಸಂಕೋಚ ನಮ್ಮ ಹಿರಿಯರಲ್ಲಿ ಸಹಜವಾಗಿಯೇ ಇರುತ್ತದೆ. ಆ ಸಂಕೋಚವೇ ಈ ವ್ಯಾಧಿಯಲ್ಲಿ ಪ್ರಾಣಕ್ಕೆ ಎರವಾಗುತ್ತದೆ ಎಂಬುದನ್ನು ಮಕ್ಕಳೂ ಸೊಸೆಯಂದಿರೂ ಅವರಿಗೆ ಪ್ರೀತಿಯಿಂದ ತಿಳಿಯಹೇಳಬೇಕು.

ಅಪಾಯದ ಗುರುತುಗಳು

ಗ್ರಾಫ್ಟ್ ಇರುವ ತೋಳನ್ನು ಪ್ರತಿದಿನ ಬೆಳಗಿನ ಬೆಳಕಿನಲ್ಲಿ ಮನೆಯವರೊಬ್ಬರು ನೋಡಬೇಕು. ಚರ್ಮ ಕೆಂಪಾಗಿದೆಯೇ, ಮುಟ್ಟಿದರೆ ಬಿಸಿ ಇದೆಯೇ, ನೋವಿದೆಯೇ, ಬಾವು ಬಂದಿದೆಯೇ, ನೀರು ಅಥವಾ ಕೀವು ಜಿನುಗುತ್ತಿದೆಯೇ ಎಂದು ಪರೀಕ್ಷಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದಿರಬಹುದು. ಅಂಥವರಲ್ಲಿ ಬಿಸಿ, ನೋವುಗಳನ್ನೇ ಗುರುತಾಗಿ ಹಿಡಿಯಬೇಕು. ಮೆಲ್ಲಗೆ ಬೆರಳಿಟ್ಟರೆ ಒಳಗೆ ರಕ್ತ ಹರಿಯುವ ಕಂಪನ ತಿಳಿಯುತ್ತದೆ. ಅದು ನಿಂತಿದ್ದರೆ ನಾಳ ಕಟ್ಟಿಕೊಂಡಿರಬಹುದು. ಆಗಲೂ ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು.

ಚಳಿ ನಡುಕದೊಡನೆ ಜ್ವರ ಬಂದರೆ, ತೋಳು ಚೆನ್ನಾಗಿಯೇ ಕಂಡರೂ ತಡಮಾಡಲಾಗದು. ಡಯಾಲಿಸಿಸ್ ನಡೆಯುವಾಗ ಚಳಿಯಾದರೆ ‘ಫ್ಯಾನಿನ ಗಾಳಿಗೆ ಹೀಗಾಗಿರಬೇಕು’ ಎಂದು ಸುಮ್ಮನಿರದೆ ಆಗಲೇ ದಾದಿಯರಿಗೆ ಹೇಳಬೇಕು. ವೃದ್ಧರಲ್ಲಿ ಕೆಲವೊಮ್ಮೆ ಜ್ವರವೇ ಬರುವುದಿಲ್ಲ. ಮಂಕು, ಊಟ ಬೇಡವೆನಿಸುವುದು, ಅತಿಯಾದ ನಿಶ್ಶಕ್ತಿ, ಇಷ್ಟೇ ಇರಬಹುದು. ಹಿಂದೆಂದೋ ಹಾಕಿ ಕಟ್ಟಿಹೋದ ಹಳೆಯ ಗ್ರಾಫ್ಟು ಮೈಯಲ್ಲಿ ಉಳಿದಿದ್ದರೆ ಅದರಲ್ಲಿಯೂ ಸೋಂಕು ಸದ್ದಿಲ್ಲದೆ ಅಡಗಿರುವುದುಂಟು. ಕಾರಣ ತಿಳಿಯದ ಜ್ವರ ಬಂದಾಗ ಹೊಸ ವೈದ್ಯರಿಗೆ ಹಳೆಯ ಗ್ರಾಫ್ಟಿನ ಸಂಗತಿಯನ್ನು ತಪ್ಪದೆ ಹೇಳಬೇಕು.

ಗ್ರಾಫ್ಟಿನ ಮೇಲಿನ ಚರ್ಮ ತೆಳುವಾಗಿ ಹೊಳೆಯುವುದು, ದಿನೇ ದಿನೇ ಉಬ್ಬುವುದು, ಹಕ್ಕಳೆ ಉದುರದೆ ದೊಡ್ಡದಾಗುವುದು, ಒಳಗಿನ ಬಿಳಿಯ ನಾಳ ಕಾಣಿಸುವುದು, ಇವು ಅತ್ಯಂತ ಗಂಭೀರವಾದ ಗುರುತುಗಳು. ಅಲ್ಲಿ ನಾಳ ಒಡೆದು ರಕ್ತ ಚಿಮ್ಮುವ ಭಯವಿದೆ. ಹಾಗೇನಾದರೂ ಆದರೆ ದಪ್ಪ ಟವೆಲ್ ಸುತ್ತಿ ಕೂರಬಾರದು, ಒಳಗೆ ರಕ್ತ ಸೋರುವುದು ಕಾಣದಂತಾಗುತ್ತದೆ. ಶುದ್ಧವಾದ ಸಣ್ಣ ಬಟ್ಟೆಯ ಮಡಿಕೆಯನ್ನಿಟ್ಟು, ರಕ್ತ ಬರುವ ಬಿಂದುವಿನ ಮೇಲೆಯೇ ಬೆರಳಿನಿಂದ ಬಲವಾಗಿ ಒತ್ತಿ, ತೋಳನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ, ೧೦೮ಕ್ಕೆ ಕರೆ ಮಾಡಬೇಕು. ನೆರವು ಬರುವವರೆಗೆ ಒತ್ತಡವನ್ನು ಸಡಿಲಿಸಕೂಡದು.

ನಿತ್ಯದ ಕಾವಲು

ಚಿಕಿತ್ಸೆಯ ದಿನ ಮನೆಯಲ್ಲಿ ಸ್ನಾನ ಮಾಡಿ ಹೊರಟರೂ, ಆಸ್ಪತ್ರೆಯಲ್ಲಿ ಹಾಸಿಗೆ ಏರುವ ಮುನ್ನ ಆ ತೋಳನ್ನು ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು. ಬಸ್ಸಿನ ಕಂಬಿ, ಬಾಗಿಲು, ಧೂಳು, ಬೆವರು ಎಲ್ಲವೂ ನಡುವೆ ಸೇರಿರುತ್ತವೆ. ದಾದಿಯರು ಕೈತೊಳೆದು ಹೊಸ ಕೈಗವಸು ತೊಡಬೇಕು. ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್‌ನಂಥ ರೋಗಾಣುನಾಶಕವನ್ನು ಹಚ್ಚಿ ಅದು ತಾನಾಗಿ ಒಣಗುವವರೆಗೆ ಕಾಯಬೇಕು. ಒಣಗುವ ಮುನ್ನ ಚುಚ್ಚಿದರೆ ಅದರ ಪ್ರಯೋಜನ ಕುಂದುತ್ತದೆ. ಶುದ್ಧಿಗೊಳಿಸಿದ ಜಾಗವನ್ನು ಮತ್ತೆ ಬೆರಳಿನಿಂದ ಮುಟ್ಟಿ ನೋಡಬಾರದು. ರೋಗಿಯೂ ಆ ವೇಳೆ ಅದರ ಮೇಲೆ ಮುಖವಿಟ್ಟು ಮಾತನಾಡುವುದು, ಕೆಮ್ಮುವುದು ಸಲ್ಲದು. ಮುಖಗವಸು ಇದ್ದರೆ ಉತ್ತಮ.

ಸೂಜಿಯ ಸ್ಥಾನವನ್ನು ಪ್ರತಿ ಸಲವೂ ಬದಲಿಸುತ್ತ ಹೋಗಬೇಕು. ನೋವು ಕಡಿಮೆಯೆಂಬ ಕಾರಣದಿಂದ ‘ಹೋದ ಸಲದ ಜಾಗದಲ್ಲೇ ಚುಚ್ಚಿ’ ಎಂದು ಕೇಳುವ ರೋಗಿಗಳುಂಟು. ಫಿಸ್ಟುಲಾ ಉಳ್ಳ ಕೆಲವರಿಗೆ ಒಂದೇ ರಂಧ್ರದಲ್ಲಿ ಮೊಂಡು ಸೂಜಿ ಹಾಕುವ ಪದ್ಧತಿ ಇದೆ. ಗ್ರಾಫ್ಟಿಗೆ ಅದು ನಿಷಿದ್ಧ. ಜೀವಂತ ನಾಳದಂತೆ ಕೃತಕ ನಾಳದ ಗಾಯ ಮಾಯುವುದಿಲ್ಲ, ಒಂದೇ ಕಡೆ ಚುಚ್ಚಿದರೆ ಅದು ಜರಡಿಯಾಗಿ ಹರಿಯುತ್ತದೆ.

ಮನೆಯಲ್ಲಿ ಹಕ್ಕಳೆಯನ್ನು ಕೀಳಬಾರದು, ತುರಿಸಬಾರದು. ಮೂಗಿಗೆ ಬೆರಳಿಟ್ಟು ಅದೇ ಬೆರಳಿನಿಂದ ತೋಳನ್ನು ಮುಟ್ಟಬಾರದು. ಉಗುರುಗಳನ್ನು ಚಿಕ್ಕದಾಗಿ ಕತ್ತರಿಸಿರಬೇಕು. ಆ ತೋಳಿಗೆ ಎಣ್ಣೆ ತಿಕ್ಕುವುದು, ಅರಿಸಿನ, ಸೊಪ್ಪಿನ ರಸ, ನಾಟಿ ಲೇಪನಗಳನ್ನು ಹಚ್ಚುವುದು ಕೂಡದು. ಬಿಗಿಯಾದ ಬಳೆ, ಗಡಿಯಾರ, ಭಾರವಾದ ಚೀಲ ಆ ತೋಳಿಗೆ ಬೇಡ. ರಕ್ತದೊತ್ತಡ ಅಳೆಯಲು, ರಕ್ತಪರೀಕ್ಷೆಗೆ ಮತ್ತೊಂದು ಕೈಯನ್ನೇ ಕೊಡಬೇಕು. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು, ಕಾಲಿನ ಹುಣ್ಣು, ಹಲ್ಲಿನ ಕೀವುಗಳಿಗೆ ಬೇಗನೆ ಚಿಕಿತ್ಸೆ ಮಾಡಿಸುವುದು ಕೂಡ ಗ್ರಾಫ್ಟಿನ ರಕ್ಷಣೆಯೇ. ಅಲ್ಲಿನ ರೋಗಾಣು ರಕ್ತದ ಮೂಲಕ ಇಲ್ಲಿಗೆ ಬರಬಹುದು.

ಪೂಜೆ, ವಿಭೂತಿ, ತಾಯಿತ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಗ್ರಾಫ್ಟನ್ನು ಬಹುಮಟ್ಟಿಗೆ ರೋಗಿ ಹೆಚ್ಚು ಬಳಸದ ಕೈಯಲ್ಲಿ, ಅಂದರೆ ಎಡಗೈಯಲ್ಲಿ ಕೂರಿಸುತ್ತಾರೆ. ನಮ್ಮಲ್ಲಿ ಲಿಂಗಪೂಜೆಗೆ ಸಲ್ಲುವ ಕರವೂ ಅದೇ. ಶಸ್ತ್ರಕ್ರಿಯೆಯ ಗಾಯ ಮಾಗಿದ ಮೇಲೆ ಅಂಗೈಯಲ್ಲಿ ಹಗುರವಾದ ಲಿಂಗವನ್ನು ಧರಿಸಿ ಪೂಜಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಮೊಣಕೈಯನ್ನು ಬಹಳ ಹೊತ್ತು ಮಡಿಸಿ ಬಿಗಿಹಿಡಿಯದೆ, ತೋಳಿನ ಕೆಳಗೆ ಮೆತ್ತನೆಯ ದಿಂಬಿನ ಆಸರೆಯನ್ನಿಟ್ಟುಕೊಳ್ಳುವುದು ಲೇಸು. ಶಸ್ತ್ರಕ್ರಿಯೆಯಾದ ಮೊದಲ ವಾರಗಳಲ್ಲಿ ವೈದ್ಯರನ್ನು ಕೇಳಿಯೇ ನಡೆಯಬೇಕು.

ವಿಭೂತಿಯ ವಿಷಯದಲ್ಲಿ ಮಾತ್ರ ಸ್ಪಷ್ಟವಾಗಿ ಹೇಳಬೇಕಾಗಿದೆ. ಗ್ರಾಫ್ಟ್ ಹಾಯ್ದಿರುವ ಜಾಗಕ್ಕೆ, ಸೂಜಿ ಚುಚ್ಚಿದ ಸ್ಥಾನಗಳಿಗೆ ವಿಭೂತಿಯನ್ನು ಲೇಪಿಸುವುದು ಬೇಡ. ಭಸ್ಮದ ಗಟ್ಟಿಯನ್ನು ಮನೆಯವರೆಲ್ಲರ ಬೆರಳುಗಳೂ ಮುಟ್ಟಿರುತ್ತವೆ. ನೀರಿನಲ್ಲಿ ಕಲಸಿ ಹಚ್ಚುವಾಗ ಬೆರಳಿನ ರೋಗಾಣು, ಭಸ್ಮದ ಕಣಗಳು ತೆರೆದ ಚುಚ್ಚಿನೊಳಕ್ಕೆ ಇಳಿಯಬಹುದು. ಮೇಲಾಗಿ ಬಿಳಿಯ ಲೇಪದ ಕೆಳಗೆ ಕೆಂಪೂ ಕೀವೂ ಕಾಣದಂತಾಗುತ್ತವೆ. ಭಸ್ಮಧಾರಣೆಗೆ ದೇಹದಲ್ಲಿ ಸ್ಥಾನಗಳು ಹಲವಿವೆ. ವ್ಯಾಧಿಯ ನಿಮಿತ್ತ ಒಂದನ್ನು ಬಿಟ್ಟು ಹಣೆ ಮೊದಲಾದ ಉಳಿದ ಸ್ಥಾನಗಳಲ್ಲಿ ಧರಿಸಿದರೆ ಆಚಾರಕ್ಕೆ ಲೋಪವೇನೂ ಬಾರದು. ತೀರ್ಥವನ್ನು ಆ ತೋಳಿಗೆ ಸವರುವುದೂ ಬೇಡ. ರಟ್ಟೆಗೆ ದಾರ, ತಾಯಿತ ಕಟ್ಟುವ ರೂಢಿಯಿದ್ದರೆ ಇನ್ನೊಂದು ತೋಳಿಗೆ ಕಟ್ಟಿಕೊಳ್ಳಲಿ. ಬಿಗಿದ ದಾರದಿಂದ ನಾಳದ ಹರಿವು ನಿಂತುಹೋಗುವ ಅಪಾಯವಿದೆ.

ಸೋಂಕು ತಗುಲಿದರೆ

ವೈದ್ಯರು ಮೊದಲು ರಕ್ತವನ್ನು ತೆಗೆದು ಯಾವ ರೋಗಾಣು ಇದೆಯೆಂದು ಬೆಳೆಸಿ ನೋಡುತ್ತಾರೆ. ಅದಕ್ಕೆ ತಕ್ಕ ಔಷಧಿಯನ್ನು ಆರಿಸುತ್ತಾರೆ. ಅದಕ್ಕೆ ಮುನ್ನವೇ ಅಂಗಡಿಯ ಆ್ಯಂಟಿಬಯಾಟಿಕ್ ಗುಳಿಗೆಗಳನ್ನು ನುಂಗಿದ್ದರೆ ಪರೀಕ್ಷೆಯಲ್ಲಿ ರೋಗಾಣು ಸಿಕ್ಕದೆ ಹೋಗಿ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಕೃತಕ ನಾಳಕ್ಕೇ ಸೋಂಕು ಹಿಡಿದಿದ್ದರೆ ಔಷಧಿಯೊಂದರಿಂದಲೇ ಗುಣವಾಗುವುದು ವಿರಳ. ಸೋಂಕು ಒಂದು ತುಣುಕಿನಲ್ಲಿ ಮಾತ್ರ ಇದ್ದರೆ ಆ ಭಾಗವನ್ನು ತೆಗೆದು ಬೇರೆ ದಾರಿಯಲ್ಲಿ ಹೊಸ ತುಣುಕನ್ನು ಜೋಡಿಸಬಹುದು. ಎಲ್ಲೆಡೆ ಹರಡಿದ್ದರೆ ಇಡೀ ನಾಳವನ್ನೇ ತೆಗೆಯಬೇಕಾಗುತ್ತದೆ. ಬೇಗ ಬಂದವರಿಗೆ ಮೊದಲನೆಯದು ಸಾಧ್ಯವಾಗುವ ಸಂಭವ ಹೆಚ್ಚು.

ಔಷಧಿ ಹಲವು ವಾರ ನಡೆಯುತ್ತದೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು. ರಕ್ತಕ್ಕೆ ಸೇರಿದ ರೋಗಾಣು ಹೃದಯದ ಕವಾಟಗಳಲ್ಲಿ, ಬೆನ್ನೆಲುಬಿನಲ್ಲಿ, ಕೀಲುಗಳಲ್ಲಿ ನೆಲೆಸಬಹುದು. ಚಿಕಿತ್ಸೆಯ ತರುವಾಯ ಹೊಸದಾಗಿ ಬೆನ್ನುನೋವು, ಉಸಿರುಕಟ್ಟುವಿಕೆ ಕಂಡರೆ ‘ವಯಸ್ಸಾಯಿತು’ ಎಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು.

ಮುಂದಾಲೋಚನೆ

ಕಡೆಯದಾಗಿ, ಇನ್ನೂ ಡಯಾಲಿಸಿಸ್ ಆರಂಭವಾಗದ ಮನೆಗಳಿಗೆ ಒಂದು ಮಾತು. ನಮ್ಮಲ್ಲಿ ಅನೇಕರು ಕಾಲುಬಾವು, ಉಬ್ಬಸ ಬಂದು ತುರ್ತಾಗಿ ಆಸ್ಪತ್ರೆ ಸೇರಿದ ಮೇಲೆಯೇ ಕುತ್ತಿಗೆಯ ಕ್ಯಾಥೆಟರಿನಿಂದ ಚಿಕಿತ್ಸೆಯನ್ನು ಆರಂಭಿಸುತ್ತಾರೆ. ಮೂತ್ರಪಿಂಡ ಕುಗ್ಗುತ್ತಿದೆಯೆಂದು ವೈದ್ಯರು ಹೇಳಿದಾಗಲೇ ‘ಫಿಸ್ಟುಲಾ ಯಾವಾಗ ಮಾಡಿಸಬೇಕು?’ ಎಂದು ಕೇಳಬೇಕು. ‘ಅದನ್ನು ಮಾಡಿಸಿದರೆ ಡಯಾಲಿಸಿಸ್ ಬೇಗ ಬರುತ್ತದೆ’ ಎಂಬ ಹೆದರಿಕೆ ಜನರಲ್ಲಿದೆ. ಅದಕ್ಕೆ ಆಧಾರವಿಲ್ಲ. ಅಂದಿನಿಂದಲೇ ಮುಂದೋಳಿನ ನಾಳಗಳನ್ನು ಉಳಿಸಿಕೊಳ್ಳಬೇಕು. ರಕ್ತಪರೀಕ್ಷೆಗೆ, ಗ್ಲೂಕೋಸ್ ಏರಿಸಲು ಅಂಗೈಯ ಹಿಂಬದಿಯ ನಾಳಗಳನ್ನು ಬಳಸುವಂತೆ ವಿನಂತಿಸಬೇಕು. ಅಮೆರಿಕದ ತಜ್ಞರು ೨೦೧೯ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಎಲ್ಲರಿಗೂ ಒಂದೇ ಬಗೆಯ ದಾರಿಯನ್ನು ಹೇರದೆ, ಪ್ರತಿಯೊಬ್ಬ ರೋಗಿಯ ವಯಸ್ಸು, ನಾಳಗಳು, ಮುಂದಿನ ಬಾಳು ಇವೆಲ್ಲವನ್ನೂ ನೋಡಿ ಅವರವರಿಗೆ ತಕ್ಕ ಯೋಜನೆಯನ್ನು ರೂಪಿಸಬೇಕೆಂದು ಹೇಳಿದ್ದಾರೆ. ಆ ಯೋಜನೆಯಲ್ಲಿ ಮನೆಯವರ ಮಾತಿಗೂ ಸ್ಥಾನವಿದೆ. ಸಂಕೋಚ ಬಿಟ್ಟು ಕೇಳಬೇಕು. ಬಿಡುವಿಲ್ಲವೆಂದರೆ ಮತ್ತೊಮ್ಮೆ ಹೋಗಿ ವಿನಯದಿಂದ ಕೇಳಬೇಕು.

ಪತ್ರ ಬರೆದ ತಾಯಿಯವರಿಗೂ ಅವರಂತಹ ಇತರ ಗೃಹಿಣಿಯರಿಗೂ ನನ್ನ ಬಿನ್ನಹ ಇಷ್ಟೆ. ದಿನಕ್ಕೊಮ್ಮೆ ಆ ತೋಳನ್ನು ನೋಡುವ ಕಾರ್ಯವನ್ನು ಮನೆಯ ಒಬ್ಬರು ವಹಿಸಿಕೊಳ್ಳಲಿ. ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ದೇವರಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಿ. ಚಳಿ ನಡುಕ ಬಂದ ದಿನ ಹಬ್ಬವಿರಲಿ, ಮದುವೆಯಿರಲಿ, ಅಂದೇ ಹೊರಡಿ. ಮುಂದಿನ ಸಂಚಿಕೆಯಲ್ಲಿ ಡಯಾಲಿಸಿಸ್ ರೋಗಿಗಳ ಆಹಾರ ಮತ್ತು ನೀರಿನ ಮಿತಿಯನ್ನು ಕುರಿತು ಬರೆಯುತ್ತೇನೆ.